ಬಳೆ ಅಳತೆಗೆ ಪಿಸ್ತೂಲು ಸಿಗುವುದಿಲ್ಲ

"ಸಾರ್, ಇವಳಿಗೆ ಎರಡು-ಎರಡರ ಬಳೆಯೇ ಸಡಿಲ. ಈ ಕೈಗೆ ಆಗುವಂಥ ಸಣ್ಣ ಪಿಸ್ತೂಲು ಯಾವುದಿದೆ?"

ಮಗಳನ್ನು ಮೊದಲ ಸಲ ನಾನು ಕಲಿಸುವ ಶೂಟಿಂಗ್ ರೇಂಜಿಗೆ ಕರೆತಂದ ತಾಯಿಯೊಬ್ಬರು ಕೇಳಿದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಮೇಲೆ ಹನ್ನೆರಡು-ಹದಿಮೂರು ವರ್ಷದ ಹೆಣ್ಣುಮಕ್ಕಳು ನಮ್ಮಲ್ಲಿಗೆ ಬರುವುದು ಹೆಚ್ಚಾಗಿದೆ. ಜೊತೆಗೆ ಈ ಪ್ರಶ್ನೆಯೂ. ಆ ತಾಯಿ ಕನಿಷ್ಠ ಒಂದು ಅಳತೆಯನ್ನಾದರೂ ಹಿಡಿದುಕೊಂಡು ಬಂದಿದ್ದರು. ಆದರೆ ಬಳೆ ಹೇಳುವುದು ಕೈಯನ್ನು ಮುದುರಿದಾಗ ಗಿಣ್ಣುಗಳು ಎಷ್ಟು ಕಿರಿದಾಗುತ್ತವೆ ಎಂಬುದನ್ನು. ಪಿಸ್ತೂಲು ಕೇಳುವ ಅಳತೆ ಬೇರೆ: ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲಿನಿಂದ ತೋರುಬೆರಳ ತುದಿಗಂಟಿನ ತಿರುಳಿನವರೆಗೆ ಎಷ್ಟು ದೂರ? ತೆಳ್ಳಗಿನ ಕೈಗೆ ಉದ್ದ ಬೆರಳಿರಬಹುದು. ಅಗಲ ಅಂಗೈಯ ಗಂಡಸಿಗೆ ಮೋಟು ಬೆರಳಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. 'ಸಣ್ಣ ಕೈ' ಎಂಬ ತೊಂದರೆ ಅವರಿಗೂ ಇರುತ್ತದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಈ ದೂರ ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಿಸ್ತೂಲಿನ ಹಿಡಿ (ಗ್ರಿಪ್) ದಪ್ಪ, ಬೆರಳು ಗಿಡ್ಡ. ಟ್ರಿಗರ್ ಮುಟ್ಟಬೇಕಲ್ಲ, ಮಗು ತನಗೇ ಗೊತ್ತಿಲ್ಲದಂತೆ ಕೈಯನ್ನು ಹಿಡಿಯ ಸುತ್ತ ಒಂದಿಷ್ಟು ತಿರುಗಿಸಿಕೊಳ್ಳುತ್ತದೆ. ಈಗ ಬೆರಳು ಟ್ರಿಗರಿಗೆ ಸಿಕ್ಕಿತು, ಆದರೆ ನಳಿಗೆ ಮುಂಗೈಯ ನೇರ ತಪ್ಪಿತು. ತಪ್ಪಿದ್ದನ್ನು ಸರಿಮಾಡಲು ಮಣಿಕಟ್ಟನ್ನು ಸೊಟ್ಟ ಮಾಡಿಕೊಳ್ಳುತ್ತದೆ. ಸೊಟ್ಟ ಮಣಿಕಟ್ಟು ಐದು ಗುಂಡಿಗೆ ನಿಲ್ಲುತ್ತದೆ, ಅರವತ್ತಕ್ಕೆ ನಿಲ್ಲುವುದಿಲ್ಲ. ಸಾಲದ್ದಕ್ಕೆ ಟ್ರಿಗರನ್ನು ಬೆರಳ ಬರೀ ತುದಿ ತಾಗುವುದರಿಂದ ಒತ್ತಡ ನೇರ ಹಿಂದಕ್ಕೆ ಹೋಗದೆ ಪಕ್ಕಕ್ಕೆ ತಳ್ಳುತ್ತದೆ. ಬಲಗೈಯವರ ಗುಂಡುಗಳು ಎಡಕ್ಕೆ ಗುಂಪು ಕಟ್ಟತೊಡಗುತ್ತವೆ. ನೋಡಿದವರು "ಟ್ರಿಗರ್ ಕೀಳ್ತಿದ್ದೀಯ, ಗಮನ ಕೊಡು" ಎಂದು ಬೈಯುತ್ತಾರೆ.

ಹಾಗೆ ಬೈದವರಲ್ಲಿ ನಾನೂ ಒಬ್ಬ. ಆ ಎರಡು-ಎರಡರ ಬಳೆಯ ಹುಡುಗಿಗೆ ನಮ್ಮಲ್ಲಿದ್ದ ಮೀಡಿಯಂ ಹಿಡಿಯ ಪಿಸ್ತೂಲನ್ನೇ ಕೊಟ್ಟೆ. ರೇಂಜುಗಳಲ್ಲಿ ಎಲ್ಲರೂ ಹಂಚಿಕೊಂಡು ಹೊಡೆಯುವ ಪಿಸ್ತೂಲುಗಳಿಗೆ ಸಾಮಾನ್ಯವಾಗಿ ಇರುವುದು ಅದೇ ಅಳತೆ. "ಇನ್ನೂ ಗಟ್ಟಿ ಹಿಡಿ, ಇನ್ನೂ ಗಟ್ಟಿ" ಎಂದು ಮೂರು ತಿಂಗಳು ಹೇಳಿದೆ. ಗಟ್ಟಿ ಹಿಡಿದಷ್ಟೂ ಕೈ ನಡುಗಿತು. ಕೊನೆಗೊಂದು ದಿನ ಕಣ್ಣು ಮುಚ್ಚಿಸಿ ನೋಡಿದೆ. ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಅದು.

ಪರೀಕ್ಷೆ ಸುಲಭ. ಪಿಸ್ತೂಲು ಖಾಲಿ ಇದೆ ಎಂದು ನಾನೊಮ್ಮೆ ನೋಡುತ್ತೇನೆ, ಹುಡುಗಿಯೂ ಒಮ್ಮೆ ನೋಡುತ್ತಾಳೆ. ಮೂತಿ ಗುರಿಯ ಕಡೆಗೇ ಇರಬೇಕು. ಕಣ್ಣು ಮುಚ್ಚಿ ಹಿಡಿದು, ತೋಳೆತ್ತಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಗುರಿ ನೋಡಲು ಪಿಸ್ತೂಲಿನ ಮೇಲೆ ಎರಡು ಸೈಟುಗಳಿರುತ್ತವೆ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿಯೇ ನಿಂತಿದ್ದರೆ ಹಿಡಿ ಸರಿ. ಪಕ್ಕಕ್ಕೆ ಸರಿದಿದ್ದರೆ ಹಿಡಿ ಕೈಯದಲ್ಲ. ಅವಳು ಕಣ್ಣು ತೆರೆದಾಗ ಮುಂದಿನ ಸೈಟು ಕಚ್ಚಿನ ಒಂದು ಅಂಚಿಗೆ ಅಂಟಿಕೊಂಡಿತ್ತು. ಐದು ಸಲ ಎತ್ತಿಸಿದೆ, ಐದು ಸಲವೂ ಅಲ್ಲೇ.

ಇಲ್ಲಿ ಹೆತ್ತವರು ಹಿಡಿಯುವ ದಾರಿ ಒಂದೇ: ಹಾಗಾದರೆ ಸಣ್ಣ ಪಿಸ್ತೂಲು ಕೊಡಿಸೋಣ. ಚಿಕ್ಕ ನಳಿಗೆಯ ಮಾದರಿಗಳು ಇವೆ. ಸ್ಟೈಯರ್ ಎಲ್‌ಪಿ2 ಕಾಂಪ್ಯಾಕ್ಟ್, ಫೈನ್‌ವೆರ್ಕ್‌ಬೌ ಪಿ11 ಪಿಕೊಲೊ, ಒಳ್ಳೆಯವೇ. ಆದರೆ ಅವು ಚಿಕ್ಕದು ಮಾಡುವುದು ಕೈಗೆ ತಾಗುವ ಭಾಗವನ್ನಲ್ಲ, ಮುಂದೆ ಚಾಚಿರುವ ಭಾಗವನ್ನು. ಮೂತಿಯ ಭಾರ ತಗ್ಗುತ್ತದೆ. ಎಳೆ ಭುಜಕ್ಕೆ ಅದು ನಿಜವಾಗಿಯೂ ಉಪಕಾರ. 2018ರಿಂದ ಪಂದ್ಯದಲ್ಲಿ ಹೆಣ್ಣುಮಕ್ಕಳಿಗೂ 40ರ ಬದಲು 60 ಗುಂಡು, 75 ನಿಮಿಷ. ಅದಕ್ಕೂ ಮುಂಚೆ ಅಭ್ಯಾಸದ ಗುಂಡುಗಳಿಗೆ 15 ನಿಮಿಷ. ಬೇಡವೆನಿಸಿ ಕೆಳಗಿಳಿಸಿದ್ದನ್ನೂ ಸೇರಿಸಿದರೆ ಸುಮಾರು ಒಂದು ಕಿಲೋ ತೂಕವನ್ನು ನೂರಕ್ಕೂ ಹೆಚ್ಚು ಸಲ ಎತ್ತಬೇಕು.

ಆದರೆ ಈ ಉಪಕಾರಕ್ಕೆ ಬೆಲೆ ತೆರಬೇಕು. ಎರಡು ಸೈಟುಗಳ ನಡುವೆ 320 ಮಿಲಿಮೀಟರ್ ಇದೆ ಎನ್ನಿ. ಮುಂದಿನದು ಅರ್ಧ ಮಿಲಿಮೀಟರ್ ಸರಿದರೆ ಹತ್ತು ಮೀಟರಿನಾಚೆ ಪೆಲೆಟ್ ಹದಿನೈದೂವರೆ ಮಿಲಿಮೀಟರ್ ಚಿಲ್ಲರೆ ಆಚೆ ಬೀಳುತ್ತದೆ. ಅದು ಕೂದಲೆಳೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ. ಅಂತರ 280ಕ್ಕೆ ಇಳಿದರೆ ಅದೇ ತಪ್ಪಿಗೆ ಸುಮಾರು ಹದಿನೆಂಟು ಮಿಲಿಮೀಟರ್, ಅಂದರೆ ಎಂಟು. ಭುಜ ಸೋಲುವ ಮಗುವಿಗೆ ಈ ನಷ್ಟ ಪರವಾಗಿಲ್ಲ. ಬೆರಳು ಸಾಲದ ಮಗುವಿಗೆ ಚಿಕ್ಕ ನಳಿಗೆ ಕೊಡಿಸುವುದು ಮಾತ್ರ ಚಪ್ಪಲಿ ಕಚ್ಚಿದರೆ ಸೀರೆ ಬದಲಾಯಿಸಿದ ಹಾಗೆ.

ಬೆರಳಿಗೆ ಮದ್ದು ಎರಡು ಕಡೆ ಇದೆ. ಮೊದಲನೆಯದು ಟ್ರಿಗರ್. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಬೆರಳು ತಾಗುವ ನಾಲಿಗೆಯಂಥ ಭಾಗವನ್ನು ಸಣ್ಣ ಅಲೆನ್ ಕೀಯಿಂದ ಸಡಿಲಿಸಿ ಹಿಂದೆ ಮುಂದೆ ಸರಿಸಬಹುದು, ತುಸು ಓರೆಯಾಗಿ ತಿರುಗಿಸಲೂಬಹುದು. ಎಷ್ಟೋ ಮಂದಿ ಕಂಪನಿಯಿಂದ ಬಂದ ಜಾಗದಲ್ಲೇ ಅದನ್ನು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಹಿಂದಕ್ಕೆ ತಂದರೆ ಕೆಲವು ಮಿಲಿಮೀಟರ್ ಸಿಗುತ್ತದೆ. ಗಿಡ್ಡ ಬೆರಳಿಗೆ ಅದು ದೊಡ್ಡದು. ಟ್ರಿಗರ್ ಹಗುರ ಮಾಡಿಬಿಡಿ ಎನ್ನುವವರೂ ಇದ್ದಾರೆ. ಏರ್ ಪಿಸ್ತೂಲಿನ ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಬಲ ಬೇಕು ಎಂಬುದು ನಿಯಮ, ಪಂದ್ಯದಲ್ಲಿ ತೂಕ ನೇತುಹಾಕಿ ಪರೀಕ್ಷಿಸುತ್ತಾರೆ. ಅಲ್ಲಿ ಚೌಕಾಸಿ ನಡೆಯುವುದಿಲ್ಲ.

ಎರಡನೆಯದು ಹಿಡಿ. ಪಿಸ್ತೂಲೇ ಬೇರೆ, ಅದರ ಮರದ ಹಿಡಿಯೇ ಬೇರೆ. ಹಿಡಿಯನ್ನು ಮಾತ್ರ ಬೇರೆ ಅಳತೆಯಲ್ಲಿ ತರಿಸಬಹುದು. ಸ್ಮಾಲ್, ಎಕ್ಸ್‌ಟ್ರಾ ಸ್ಮಾಲ್ ಎಂದೆಲ್ಲ ಇರುತ್ತವೆ, ಆದರೆ ಒಬ್ಬರ ಸ್ಮಾಲ್ ಇನ್ನೊಬ್ಬರ ಮೀಡಿಯಂ. ಹಾಗಾಗಿ ಅಕ್ಷರ ನಂಬಬೇಡಿ. ಬಿಳಿ ಹಾಳೆಯ ಮೇಲೆ ಅಂಗೈ ಊರಿ ಬೆರಳುಗಳನ್ನು ಸಹಜವಾಗಿ ಬಿಟ್ಟು ಪೆನ್ಸಿಲನ್ನು ನೆಟ್ಟಗೆ ಹಿಡಿದು ಗೆರೆ ಎಳೆಯಿರಿ. ಮಣಿಕಟ್ಟಿನ ಗೆರೆಯಿಂದ ಮಧ್ಯದ ಬೆರಳ ತುದಿಗೆ, ಅಂಗೈ ಅಡ್ಡಗಲಕ್ಕೆ, ಕವಲಿನಿಂದ ತೋರುಬೆರಳಿಗೆ ಅಳತೆ ಬರೆದು ಹಿಡಿ ಮಾಡುವವರಿಗೆ ಕಳಿಸಿ. ಎಡಗೈಯವರು ಎಡಗೈ ಎಂದು ದೊಡ್ಡದಾಗಿ ಬರೆಯಿರಿ. ಒಮ್ಮೆ ಮರೆತು ಆರು ವಾರ ಕಾದಿದ್ದೇವೆ.

ಬಂದ ಮೇಲೂ ಅದು ಅರ್ಧ ಕೆಲಸ. ಉಳಿದರ್ಧ ಉಪ್ಪುಕಾಗದದ್ದು. ಎಲ್ಲಿ ಉಜ್ಜಬೇಕು ಎಂದು ತಿಳಿಯಲು ನಾನು ಸೀಮೆಸುಣ್ಣದ ಪುಡಿ ಬಳಸುತ್ತೇನೆ. ಅಂಗೈಗೆ ಬಳಿದು, ಹಿಡಿದು, ತೋಳೆತ್ತಿ ಅರ್ಧ ನಿಮಿಷ ನಿಲ್ಲಿಸಿ ಬಿಡಿಸಿದರೆ ವಾಲ್‌ನಟ್ ಮರದ ಕಂದು ಮೈ ಮೇಲೆ ಬಿಳಿ ಗುರುತು. ಆ ಹುಡುಗಿಯ ಹಿಡಿಯಲ್ಲಿ ಬಿಳಿ ಇದ್ದದ್ದು ಎರಡೇ ಕಡೆ: ಹೆಬ್ಬೆರಳ ಬುಡದಲ್ಲಿ ದಟ್ಟವಾಗಿ, ಬೆರಳ ತುದಿಗಳಲ್ಲಿ ತೆಳ್ಳಗೆ. ಅಂಗೈಯ ನಡುವೆ ಮರ ತಾಗಿಯೇ ಇರಲಿಲ್ಲ. ಟ್ರಿಗರಿನ ಪಕ್ಕದಲ್ಲಿ, ತೋರುಬೆರಳು ಹಾದುಹೋಗುವ ದಂಡೆಯಲ್ಲಿ ಮರ ಉಬ್ಬಿತ್ತು. ಬೆರಳು ಆ ಗುಡ್ಡ ಬಳಸಿ ಹೋಗಬೇಕಿತ್ತು, ಉದ್ದವೆಲ್ಲ ಅಲ್ಲೇ ಖರ್ಚು. ಮೊದಲು ಉಜ್ಜಿದ್ದು ಅದನ್ನೇ. ಬೆರಳಿಗೂ ಮರಕ್ಕೂ ನಡುವೆ ಒಂದು ಕಾಗದ ಸಲೀಸಾಗಿ ಹಾಯುವಷ್ಟು ಸಂದು ಬರಬೇಕು. ಬೆರಳು ಮರಕ್ಕೆ ಒರಗಿದರೆ ಟ್ರಿಗರ್ ಒತ್ತುವಾಗ ಇಡೀ ಪಿಸ್ತೂಲು ಅಲುಗುತ್ತದೆ. ಆಮೇಲೆ ಕವಲು ಕೂರುವ ಗುಳಿಯನ್ನು ಆಳ ಮಾಡಿದೆವು. ಅಲ್ಲಿ ಒಂದು ಮಿಲಿಮೀಟರ್ ತೆಗೆದರೆ ಕೈ ಅಷ್ಟೂ ಮುಂದಕ್ಕೆ ಬರುತ್ತದೆ. ಅಂಗೈ ಟೊಳ್ಳಿಗೆ ಎಂ-ಸೀಲ್ ಮೆತ್ತಿ, ಅದು ಒಣಗುವ ಮುನ್ನ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಹಿಡಿಸಿದೆ.

ಒಂದೇ ದಿನ ಎಲ್ಲ ಉಜ್ಜಬಾರದು. ಸ್ವಲ್ಪ ಉಜ್ಜಿ, ಎರಡು ದಿನ ಹೊಡೆದು, ಮತ್ತೆ ಸುಣ್ಣ ಹಚ್ಚಿ ನೋಡಬೇಕು. ನಿಯಮದ ಗೆರೆಯನ್ನೂ ಮರೆಯಬಾರದು. ಅಂಗೈಯ ಹಿಮ್ಮಡಿ ಕೂರುವ ಕೆಳಹಲಗೆ ಹಿಡಿಗೆ 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಮೇಲಕ್ಕೆ ಬಾಗಬಾರದು, ಹೆಬ್ಬೆರಳು ಮೇಲಕ್ಕೆ ಸಲೀಸಾಗಿ ಏಳಬೇಕು, ಮಣಿಕಟ್ಟಿಗೆ ಆಸರೆ ಇರಕೂಡದು. ಇಡೀ ಪಿಸ್ತೂಲು ಉದ್ದ 420, ಎತ್ತರ 200, ದಪ್ಪ 50 ಮಿಲಿಮೀಟರಿನ ಪೆಟ್ಟಿಗೆಯೊಳಗೆ ಹಿಡಿಸಬೇಕು. ಉತ್ಸಾಹದಲ್ಲಿ ಎಂ-ಸೀಲ್ ಮೆತ್ತಿದವರು ಸಿಕ್ಕಿಬೀಳುವುದು ಆ 50ರಲ್ಲಿ.

ಏರ್ ಪಿಸ್ತೂಲು ದಾಟಿ .22ರ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ ಹೋಗುವವರಿಗೆ ಒಂದು ಮಾತು. ಪಾರ್ಡಿನಿ ಎಸ್‌ಪಿಯಂಥವುಗಳಲ್ಲಿ ಮ್ಯಾಗಜಿನ್ ಟ್ರಿಗರಿನ ಮುಂದಿದೆ, ಹಿಡಿಯೊಳಗಲ್ಲ. ಹಾಗಾಗಿ ಹಿಡಿಯನ್ನು ಬೇಕಾದಂತೆ ತೆಳ್ಳಗೆ ಮಾಡಬಹುದು. ಗುಂಡಿನ ಮ್ಯಾಗಜಿನ್ ಹಿಡಿಯೊಳಗೇ ಕೂರುವ ಪಿಸ್ತೂಲಿನಲ್ಲಿ, ಅದರಲ್ಲೂ ಎರಡು ಸಾಲಿನದಾದರೆ, ನೀವು ಎಷ್ಟು ಉಜ್ಜಿದರೂ ಕಬ್ಬಿಣ ಅಡ್ಡ ಬರುತ್ತದೆ.

ಇನ್ನು ಆತ್ಮರಕ್ಷಣೆಗೆಂದು ಲೈಸೆನ್ಸ್ ಪಡೆದ ಮಹಿಳೆಯರೂ ಕೆಲವೊಮ್ಮೆ ಸಲಹೆ ಕೇಳುತ್ತಾರೆ. 2014ರ ಜನವರಿಯಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ 'ನಿರ್ಭೀಕ್' ಎಂಬ .32 ರಿವಾಲ್ವರನ್ನು ಹೆಣ್ಣುಮಕ್ಕಳ ಕೈಗೆಂದೇ ಹೊರತಂದಿತು. ತೂಕ ಸುಮಾರು 500 ಗ್ರಾಂ, ಅದೇ ಅದರ ದೊಡ್ಡ ಹೆಗ್ಗಳಿಕೆ. ವ್ಯಾನಿಟಿ ಬ್ಯಾಗಿಗೆ ಹಗುರವಾದದ್ದು ಕೈಗೆ ಹಗುರವಲ್ಲ ಎಂಬುದು ನನ್ನ ಅಭಿಪ್ರಾಯ. ಆಯುಧ ಹಗುರವಾದಷ್ಟೂ ಅದೇ ಗುಂಡಿಗೆ ಒದೆ ಜಾಸ್ತಿ. ರಿವಾಲ್ವರನ್ನು ಡಬಲ್ ಆಕ್ಷನ್‌ನಲ್ಲಿ, ಅಂದರೆ ಹಿಂಬದಿಯ ಸುತ್ತಿಗೆಯನ್ನು (ಹ್ಯಾಮರ್) ಮೊದಲೇ ಎಳೆಯದೆ ಹೊಡೆಯುವಾಗ, ಟ್ರಿಗರಿಗೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕು, ದೂರವೂ ಉದ್ದ. ಅರ್ಧ ಕಿಲೋದ ವಸ್ತುವನ್ನು ಅಲುಗಿಸದೆ ನಾಲ್ಕು ಕಿಲೋ ಎಳೆಯಲು ನೋಡಿ! ಕೊಳ್ಳುವ ಮುನ್ನ ಖಾಲಿ ಆಯುಧವನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ತೋರುಬೆರಳ ತಿರುಳು ಟ್ರಿಗರಿಗೆ ಕೂರುತ್ತದೆಯೋ, ನಳಿಗೆ ಮುಂಗೈಯ ನೇರಕ್ಕಿದೆಯೋ ನೋಡಿಕೊಳ್ಳಿ. ಬಣ್ಣ, ಡಬ್ಬಿ ಆಮೇಲೆ.

ಆ ಹುಡುಗಿಯ ಹಿಡಿ ಸರಿಹೋಗಲು ಐದು ವಾರ ಹಿಡಿಯಿತು. ಎಡಕ್ಕೆ ಕಟ್ಟುತ್ತಿದ್ದ ಗುಂಪು ನಡುವಿಗೆ ಬಂತು. ಗುಂಪು ಚಿಕ್ಕದಾಗಲು ಇನ್ನೂ ಒಂದು ವರ್ಷ ಬೇಕಾಯಿತು, ಅದು ಮರದ ಕೆಲಸವಲ್ಲ. ಈಗ ಅವಳ ಕೈ ಬೆಳೆದಿದೆ, ಹೊಸ ಹಿಡಿ ತರಿಸಿಕೊಂಡಿದ್ದಾಳೆ. ಹಳೆಯದು ಹನ್ನೆರಡರ ಹುಡುಗನೊಬ್ಬನಿಗೆ ಹೋಗಿದೆ. ನಿನ್ನೆ ಸುಣ್ಣ ಹಚ್ಚಿ ನೋಡಿದೆವು: ಟ್ರಿಗರಿಗೆ ಬೆರಳು ಚೆನ್ನಾಗಿ ಕೂತಿದೆ, ಕಿರುಬೆರಳ ಕೆಳಗೆ ಮಾತ್ರ ಸಡಿಲ. ನಾಳೆ ಬರುವಾಗ ಎಂ-ಸೀಲ್ ತರಲು ಹೇಳಿದ್ದೇನೆ.