ಶ್ರೀಲಂಕಾಗೆ ಯಾವ ತಿಂಗಳಲ್ಲಿ ಹೋಗಬೇಕು?

ಪ್ರಶ್ನೆ: ಆನೆ, ಚಿರತೆ, ತಿಮಿಂಗಿಲ ಮೂರನ್ನೂ ನೋಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ. ಶ್ರೀಲಂಕಾಗೆ ಯಾವಾಗ ಹೋದರೆ ಒಳ್ಳೆಯದು? ಒಬ್ಬರು ಜನವರಿ ಅಂತಾರೆ, ಇನ್ನೊಬ್ಬರು ಆಗಸ್ಟ್ ಅಂತಾರೆ.

ಇಬ್ಬರು ಹೇಳಿದ್ದೂ ಸರಿಯೇ. ಅವರು ನೋಡಿ ಬಂದದ್ದು ದ್ವೀಪದ ಬೇರೆ ಬೇರೆ ಮಗ್ಗುಲು, ಅಷ್ಟೇ.

ಕರ್ನಾಟಕದ ಮೂರನೇ ಒಂದು ಭಾಗದಷ್ಟಿರುವ ದೇಶ ಅದು. ಆದರೆ ನಡುವೆ ಎತ್ತರದ ಬೆಟ್ಟಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಮಳೆ ಕೊಲಂಬೊ, ಗಾಲೆ, ಸಿಂಹರಾಜ ಕಾಡುಗಳ ಕಡೆ ಸುರಿಯುತ್ತದೆ. ಬೆಟ್ಟದ ಆಚೆಗೆ ಬಿಸಿಲು. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ಚಿತ್ರದುರ್ಗದ ಮೇಲೆ ಬರೀ ಮೋಡ ಓಡುತ್ತಲ್ಲ, ಅದೇ ಲೆಕ್ಕ. ವರ್ಷದ ಕೊನೆಗೆ ಗಾಳಿ ತಿರುಗುತ್ತದೆ. ಆಗ ಉತ್ತರ, ಪೂರ್ವದ ಕಡೆ ಮಳೆ.

ಪ್ರಾಣಿಗಳ ಓಡಾಟವೂ ಈ ನೀರಿನ ಲೆಕ್ಕದ ಮೇಲೇ ನಡೆಯುತ್ತದೆ. ಬೆಟ್ಟದಾಚೆಯ ಮಿನ್ನೇರಿಯ ನೋಡಿ. ಮಹಾಸೇನ ರಾಜ ಸುಮಾರು 1,700 ವರ್ಷದ ಹಿಂದೆ ಕಟ್ಟಿಸಿದ ಕೆರೆ ಅದು. ಆಗಸ್ಟ್ ಹೊತ್ತಿಗೆ ನೀರು ಇಳಿದು ಕೆರೆ ಅಂಗಳದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುತ್ತದೆ. ಆನೆಗಳು ಇನ್ನೆಲ್ಲಿಗೆ ಹೋಗಬೇಕು? ಇನ್ನೂರು, ಮುನ್ನೂರು ಆನೆ ಒಟ್ಟಿಗೆ ಸೇರಿದ್ದುಂಟು. ಈಚೆಗೆ ಬೇರೆ ಜಲಾಶಯದ ನೀರನ್ನು ಇಲ್ಲಿಗೆ ಬಿಡುವುದರಿಂದ ಕೆಲವು ವರ್ಷ ಹುಲ್ಲು ಮುಳುಗಿಯೇ ಇರುತ್ತದೆ, ಆನೆಯೂ ಕಡಿಮೆ. ಹೊರಡುವ ಮುಂಚೆ ಅಲ್ಲಿನ ಜೀಪಿನವರನ್ನು ವಿಚಾರಿಸಿಕೊಳ್ಳಿ.

ಚಿರತೆಗೆ ಯಾಲ ರಾಷ್ಟ್ರೀಯ ಉದ್ಯಾನ. ಶ್ರೀಲಂಕಾದಲ್ಲಿ ಹುಲಿ ಇಲ್ಲ. ಹಾಗಾಗಿ ನಮ್ಮ ನಾಗರಹೊಳೆಯ ಚಿರತೆಗಿರುವ ಅಂಜಿಕೆ ಅಲ್ಲಿನ ಚಿರತೆಗಿಲ್ಲ. ಹಾಡಹಗಲೇ ಬಂಡೆ ಮೇಲೆ ಕಾಲು ಚಾಚಿ ಮಲಗಿರುತ್ತದೆ. ನೀರುಹೊಂಡಗಳು ಬತ್ತುವ ಫೆಬ್ರವರಿಯಿಂದ ಜುಲೈವರೆಗೆ ಕಾಣಸಿಗುವುದು ಜಾಸ್ತಿ. ಹೆಸರುವಾಸಿ ಜಾಗ ಅಂತ ಜೀಪುಗಳೂ ಜಾಸ್ತಿ, ಅದೊಂದು ಕಿರಿಕಿರಿ.

ನೀಲಿ ತಿಮಿಂಗಿಲಕ್ಕೆ ಕಡಲ ದಡದ ಊರು ಮಿರಿಸ್ಸಾ, ಡಿಸೆಂಬರ್‌ನಿಂದ ಏಪ್ರಿಲ್. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲೇ ಸಮುದ್ರ ಒಮ್ಮೆಗೇ ಆಳವಾಗುತ್ತದೆ. ಅದಕ್ಕೇ ಬೆಳಗ್ಗೆ ದೋಣಿ ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ನೋಡಿಕೊಂಡು ವಾಪಸ್ ಬರಬಹುದು.

ಮೂರೂ ಒಂದೇ ಸಲ ಬೇಕು ಅಂದರೆ ಫೆಬ್ರವರಿ ಅಥವಾ ಮಾರ್ಚ್. ಮಿರಿಸ್ಸಾ, ಯಾಲ ಎರಡೂ ದಕ್ಷಿಣದಲ್ಲೇ ಇವೆ. ಆನೆಗೆ ಮಿನ್ನೇರಿಯ ಬಿಟ್ಟು ಹತ್ತಿರದ ಉಡವಲವೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ಅಲ್ಲಿ ವರ್ಷವಿಡೀ ಆನೆ ಸಿಗುತ್ತದೆ. ಆದರೆ ಅದು ಮಕ್ಕಳ ಪರೀಕ್ಷೆ ಸಮಯ, ಅಲ್ವಾ? ಹಾಗಿದ್ದರೆ ಏಪ್ರಿಲ್ ಮೊದಲ ವಾರ ನೋಡಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಏಪ್ರಿಲ್ ನಡುವಿಗೆ ಅವರ ಹೊಸ ವರ್ಷ, ಆಗ ಅಲ್ಲಿನವರೂ ಪ್ರವಾಸ ಹೊರಟಿರುತ್ತಾರೆ. ದಸರಾ ರಜೆಗೆ ಯಾಲ ಮಾತ್ರ ಬೇಡ. ಬರದ ಕಾರಣಕ್ಕೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದರ ಮುಖ್ಯ ಭಾಗವನ್ನು ಎಷ್ಟೋ ಸಲ ಕೆಲವು ವಾರ ಮುಚ್ಚಿರುತ್ತಾರೆ.