ಪರಿಹಾರದ ದುಡ್ಡಿನಿಂದ ಎದ್ದ ಪ್ರಶಸ್ತಿ

ನೊಬೆಲ್ ಶಾಂತಿ ಪ್ರಶಸ್ತಿಯ ಹಿಂದೆ ಡೈನಮೈಟಿನ ದುಡ್ಡಿದೆ, ಇದು ಎಲ್ಲರಿಗೂ ಗೊತ್ತಿರೋ ಮಾತು. ದಕ್ಷಿಣ ಕೊರಿಯಾದ ಗ್ವಾಂಗ್ಜು ನಗರದಲ್ಲಿ ಪ್ರತಿ ಮೇ ತಿಂಗಳಲ್ಲಿ ಕೊಡುವ ಮಾನವ ಹಕ್ಕು ಪ್ರಶಸ್ತಿಯ ಕಥೆ ಬೇರೆ. ಸೈನಿಕರ ಗುಂಡಿಗೆ ಮಕ್ಕಳನ್ನು ಕಳೆದುಕೊಂಡವರು, ಏಟು ತಿಂದು ಜೈಲಿಗೆ ಹೋಗಿ ಬಂದವರು ತಮಗೆ ಸಿಕ್ಕ ಪರಿಹಾರದಿಂದ ತೆಗೆದುಕೊಟ್ಟ ಹಣ ಅದರ ಬುಡದಲ್ಲಿದೆ. ಅದಕ್ಕೇ ಇರಬೇಕು, ಈ ಪ್ರಶಸ್ತಿ ಎಷ್ಟೋ ಸಲ ಇನ್ನೂ ಜೈಲಿನಲ್ಲೇ ಇರುವವರನ್ನು ಹುಡುಕಿಕೊಂಡು ಹೋಗುತ್ತೆ.

1979ರ ಅಕ್ಟೋಬರ್‌ನಲ್ಲಿ ಕೊರಿಯಾದ ಸರ್ವಾಧಿಕಾರಿ ಪಾರ್ಕ್ ಚುಂಗ್-ಹೀಯನ್ನು ಅವನದೇ ಗುಪ್ತಚರ ಮುಖ್ಯಸ್ಥ ಗುಂಡಿಟ್ಟು ಕೊಂದ. ಸದ್ಯ, ಇನ್ನಾದರೂ ಚುನಾವಣೆ ನಡೆಯುತ್ತೆ ಅಂತ ಜನ ಅಂದುಕೊಳ್ಳುವಷ್ಟರಲ್ಲಿ, ಡಿಸೆಂಬರ್ 12ರಂದು ಜನರಲ್ ಚುನ್ ದೂ-ಹ್ವಾನ್ ಸೈನ್ಯವನ್ನು ಕೈವಶ ಮಾಡಿಕೊಂಡ. 1980ರ ಮೇ 17ರ ರಾತ್ರಿ ಇಡೀ ದೇಶಕ್ಕೆ ಸೇನಾಡಳಿತ ಹೇರಿ, ವಿರೋಧಿ ನಾಯಕ ಕಿಮ್ ಡೇ-ಜುಂಗ್ ಅವರನ್ನು ಹಿಡಿದು ಒಳಗೆ ಹಾಕಿದ. ಕಿಮ್ ಅವರನ್ನು ತಮ್ಮವರೇ ಅಂದುಕೊಂಡಿದ್ದ ಸೀಮೆ ಗ್ವಾಂಗ್ಜು.

ಮಾರನೇ ದಿನ ಅಲ್ಲಿನ ಚೊನ್ನಾಮ್ ವಿಶ್ವವಿದ್ಯಾಲಯದ ಗೇಟಿನ ಮುಂದೆ ಸೇರಿದ ವಿದ್ಯಾರ್ಥಿಗಳನ್ನು ಪ್ಯಾರಾಟ್ರೂಪರ್‌ಗಳು ದೊಣ್ಣೆ ಹಿಡಿದು ಬಡಿದರು. ದಾರಿಹೋಕರನ್ನೂ ಬಿಡಲಿಲ್ಲ. ಊರು ತಿರುಗಿ ಬಿತ್ತು. ಮೇ 20ರ ಸಂಜೆ ಟ್ಯಾಕ್ಸಿ, ಬಸ್ ಡ್ರೈವರ್‌ಗಳು ಹೆಡ್‌ಲೈಟ್ ಹಾಕಿಕೊಂಡು, ಹಾರ್ನ್ ಒತ್ತುತ್ತಾ ಸಾಲುಸಾಲಾಗಿ ಪ್ರಾಂತ್ಯ ಸರ್ಕಾರದ ಕಚೇರಿ ಕಡೆ ಬಂದರು. ಮಾರನೇ ಮಧ್ಯಾಹ್ನ ಅದೇ ಕಚೇರಿ ಎದುರು ಸೇರಿದ್ದ ಜನರ ಮೇಲೆ ಸೈನ್ಯ ಗುಂಡು ಹಾರಿಸಿತು. ಜನ ಪೊಲೀಸರ ಶಸ್ತ್ರಾಗಾರ ಒಡೆದು ಬಂದೂಕು ಹಿಡಿದರು, ಸೈನ್ಯ ಊರ ಹೊರಗೆ ಸರಿದು ಮುತ್ತಿಗೆ ಹಾಕಿತು.

ಆಮೇಲಿನ ಐದಾರು ದಿನ ಊರನ್ನು ಊರಿನವರೇ ನಡೆಸಿದರು. ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುತ್ತಿದ್ದ ಹೆಂಗಸರು ಬೀದಿಯಲ್ಲೇ ದೊಡ್ಡ ಹಂಡೆಗಳಲ್ಲಿ ಅನ್ನ ಮಾಡಿ, ಮುಷ್ಟಿಗಾತ್ರದ ಉಂಡೆ ಕಟ್ಟಿ, ಹೋಗುತ್ತಿದ್ದ ಲಾರಿಗಳಲ್ಲಿದ್ದ ಹುಡುಗರ ಕೈಗಿಟ್ಟರು. ಆಸ್ಪತ್ರೆಗಳ ಮುಂದೆ ರಕ್ತ ಕೊಡುವವರ ಸಾಲು. ಮೇ 27ರ ನಸುಕಿನಲ್ಲಿ ಟ್ಯಾಂಕುಗಳು ಬಂದವು, ಕಚೇರಿಯೊಳಗೆ ಉಳಿದಿದ್ದವರಲ್ಲಿ ಹಲವರು ಸತ್ತರು. ಅಧಿಕೃತ ಲೆಕ್ಕದಲ್ಲೇ ಸತ್ತ ನಾಗರಿಕರು 160ಕ್ಕೂ ಜಾಸ್ತಿ. ಕಾಣೆಯಾದವರದ್ದು ಬೇರೆ ಪಟ್ಟಿ. ಕೆಲವು ಶವಗಳನ್ನು ಕಸದ ಲಾರಿಯಲ್ಲಿ ಹೇರಿಕೊಂಡು ಹೋಗಿ ಮಂಗ್ವೋಲ್-ಡಾಂಗ್ ಸ್ಮಶಾನದಲ್ಲಿ ಹೂತರು.

ಇದಕ್ಕೆಲ್ಲ ಸರ್ಕಾರ ಇಟ್ಟ ಹೆಸರು ಕಮ್ಯುನಿಸ್ಟರ ಗಲಭೆ. ಹೆಲಿಕಾಪ್ಟರ್‌ನಿಂದ ಗುಂಡು ಹಾರಿಸಿದ್ದನ್ನು ಕಣ್ಣಾರೆ ಕಂಡವರು ಹೇಳಿದರೂ ಸೈನ್ಯ ಒಪ್ಪಲಿಲ್ಲ. ಕಚೇರಿಯ ಹತ್ತಿರವೇ ಇದ್ದ ಜೊನಿಲ್ ಕಟ್ಟಡದ ಮೇಲಿನ ಮಹಡಿಯನ್ನು ದಶಕಗಳ ನಂತರ ವಿಧಿವಿಜ್ಞಾನ ತಜ್ಞರು ಪರಿಶೀಲಿಸಿದಾಗ ಗೋಡೆ, ಕಂಬ, ನೆಲದಲ್ಲೆಲ್ಲ ಗುಂಡಿನ ಗುರುತುಗಳಿದ್ದವು. ಅಷ್ಟು ಎತ್ತರಕ್ಕೆ ಆ ಕೋನದಲ್ಲಿ ಕೆಳಗಿನಿಂದ ಹೊಡೆಯೋಕೆ ಆಗಲ್ಲ. ಎಣಿಸಿದ 245 ಗುರುತುಗಳ ನೆನಪಿಗೆ ಈಗ ಆ ಕಟ್ಟಡದ ಹೆಸರೇ ಜೊನಿಲ್ ಬಿಲ್ಡಿಂಗ್ 245.

1987ರಲ್ಲಿ ಪ್ರಜಾಪ್ರಭುತ್ವಕ್ಕಾಗಿ ನಡೆದ ಜನಾಂದೋಲನದ ಮೇಲೆ ಬಾಯಿ ಬಿಡೋಕೆ ಜಾಗ ಸಿಕ್ಕಿತು. ಪರಿಹಾರ ಬಂತು, 1994ರಲ್ಲಿ ಮೇ 18 ಸ್ಮಾರಕ ಪ್ರತಿಷ್ಠಾನ ಹುಟ್ಟಿತು. 1996ರಲ್ಲಿ ಚುನ್‌ಗೆ ಮರಣದಂಡನೆ ಆಯಿತು, ಮೇಲ್ಮನವಿಯಲ್ಲಿ ಅದು ಜೀವಾವಧಿಗೆ ಇಳಿಯಿತು, 1997ರ ಡಿಸೆಂಬರ್‌ನಲ್ಲಿ ಕ್ಷಮಾದಾನವೂ ಸಿಕ್ಕಿತು. ಅದಕ್ಕೆ ಒಪ್ಪಿದವರಲ್ಲಿ ಆಗಷ್ಟೇ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಕಿಮ್ ಡೇ-ಜುಂಗ್ ಕೂಡ ಇದ್ದರು, ಅಂದರೆ 1980ರಲ್ಲಿ ಇದೇ ಚುನ್ ಆಡಳಿತ ಗಲ್ಲಿಗೆ ಹಾಕಲು ಹೊರಟಿದ್ದ ಮನುಷ್ಯ! 2021ರಲ್ಲಿ ಸಾಯುವವರೆಗೂ ಚುನ್ ಗ್ವಾಂಗ್ಜು ಜನರ ಕ್ಷಮೆ ಕೇಳಲಿಲ್ಲ.

ಈ ಪ್ರತಿಷ್ಠಾನ ಪ್ರಶಸ್ತಿ ಕೊಡೋಕೆ ಶುರು ಮಾಡಿದ್ದು 2000ದಲ್ಲಿ. ಮೊದಲನೆಯದು ಪೂರ್ವ ಟಿಮೋರ್‌ನ ಸ್ವಾತಂತ್ರ್ಯ ಹೋರಾಟಗಾರ ಶನಾನಾ ಗುಸ್ಮಾವ್ ಅವರಿಗೆ. 2007ರಲ್ಲಿ ನಮ್ಮ ದೇಶದ ಇಬ್ಬರಿಗೆ ಬಂತು: ವಾರಾಣಸಿಯ ಮಾನವ ಹಕ್ಕು ಹೋರಾಟಗಾರ ಲೆನಿನ್ ರಘುವಂಶಿ, ಮಣಿಪುರದ ಇರೋಮ್ ಶರ್ಮಿಳಾ. ಮಾಲೋಮ್‌ನ ಬಸ್ ಸ್ಟಾಪಿನಲ್ಲಿ 2000ದ ನವೆಂಬರ್ 2ರಂದು 10 ಜನ ಗುಂಡಿಗೆ ಬಲಿಯಾದ ಮೇಲೆ, ಸೇನೆಗೆ ವಿಶೇಷಾಧಿಕಾರ ಕೊಡುವ ಕಾಯ್ದೆ ತೆಗೆಯಿರಿ ಅಂತ ಶರ್ಮಿಳಾ ಉಪವಾಸ ಕೂತಿದ್ದರು. ಪ್ರಶಸ್ತಿ ಬಂದಾಗ ಅವರು ಬಂಧನದಲ್ಲಿ, ಮೂಗಿನಲ್ಲಿ ಆಹಾರದ ನಳಿಕೆ. 2016ರಲ್ಲಿ ಉಪವಾಸ ಬಿಟ್ಟು ಮರುವರ್ಷ ಚುನಾವಣೆಗೆ ನಿಂತರೆ ಬಿದ್ದ ವೋಟು ಬರೀ 90. ಅವರ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 2019ರಲ್ಲಿ. 2011ರಲ್ಲಿ ಛತ್ತೀಸ್‌ಗಢದ ವೈದ್ಯ ಬಿನಾಯಕ್ ಸೇನ್ ಅವರಿಗೆ ಬಂತು, ಆಗ ರಾಜದ್ರೋಹದ ಕೇಸಿನಲ್ಲಿ ಅವರಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟು ಒಂದು ತಿಂಗಳಷ್ಟೇ ಆಗಿತ್ತು.

ಹೋರಾಟ ಮುಗಿಯುವ ಮೊದಲೇ ಹೀಗೆ ಕೊಟ್ಟುಬಿಟ್ಟರೆ ಒಂದು ಅಪಾಯವೂ ಇದೆ, ಅಲ್ವಾ? 2004ರಲ್ಲಿ ಗೃಹಬಂಧನದಲ್ಲಿದ್ದ ಮ್ಯಾನ್ಮಾರ್‌ನ ಪ್ರಜಾಪ್ರಭುತ್ವ ಹೋರಾಟಗಾರ್ತಿ ಆಂಗ್ ಸಾನ್ ಸೂ ಕಿ ಅವರಿಗೆ ಪ್ರಶಸ್ತಿ ಘೋಷಿಸಿದರು. 2013ರಲ್ಲಿ ಅವರು ಖುದ್ದಾಗಿ ಗ್ವಾಂಗ್ಜುಗೆ ಬಂದು ಹೋದರು. ಆಮೇಲೆ ಅವರದೇ ಸರ್ಕಾರ ಇದ್ದಾಗ ಮ್ಯಾನ್ಮಾರ್ ಸೈನ್ಯ ರೋಹಿಂಗ್ಯಾ ಹಳ್ಳಿಗಳಿಗೆ ಬೆಂಕಿ ಇಟ್ಟಿತು, ಲಕ್ಷಗಟ್ಟಲೆ ಜನ ಬಾಂಗ್ಲಾದೇಶಕ್ಕೆ ಓಡಿದರು, ಸೂ ಕಿ ಸುಮ್ಮನಿದ್ದರು. ನಿಯಮದಲ್ಲಿ ಅವಕಾಶವಿಲ್ಲ, ಕೊಟ್ಟಿದ್ದನ್ನು ವಾಪಸ್ ಪಡೆಯೋಕೆ ಆಗಲ್ಲ ಅಂತ, 1991ರಲ್ಲೇ ಅವರಿಗೆ ಶಾಂತಿ ಪ್ರಶಸ್ತಿ ಕೊಟ್ಟಿದ್ದ ನೊಬೆಲ್‌ನವರು ಕೈಚೆಲ್ಲಿದರು. ಗ್ವಾಂಗ್ಜು ಪ್ರತಿಷ್ಠಾನ 2018ರ ಡಿಸೆಂಬರ್‌ನಲ್ಲಿ ತನ್ನ ಪ್ರಶಸ್ತಿಯನ್ನು ರದ್ದು ಮಾಡಿತು. ನನಗೆ ಇದು ಸರಿ ಅನ್ನಿಸುತ್ತೆ. ಸೈನ್ಯ ಕೊಂದಾಗ ಅಧಿಕಾರದಲ್ಲಿದ್ದವರು ಬಾಯಿ ಮುಚ್ಚಿಕೊಂಡರೆ ಹೇಗಿರುತ್ತೆ ಅಂತ ಆ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಅವರು ಜೈಲಿನಲ್ಲಿರುವವರಿಗೆ ಕೊಡೋದನ್ನು ನಿಲ್ಲಿಸಲಿಲ್ಲ. 2021ರ ಪ್ರಶಸ್ತಿ ಥಾಯ್ಲೆಂಡಿನ ವಕೀಲ ಅರ್ನೋನ್ ನಂಪಾ ಅವರಿಗೆ. ಮಕ್ಕಳ ಕಥೆಯ ಮಾಂತ್ರಿಕನ ವೇಷ ಹಾಕಿಕೊಂಡು ರಾಜನ ಅಧಿಕಾರದ ಬಗ್ಗೆ ಬಹಿರಂಗವಾಗಿ ಪ್ರಶ್ನೆ ಎತ್ತಿದವರು ಇವರು. ಪ್ರಶಸ್ತಿ ಬಂದಾಗ ಬಂಧನದಲ್ಲಿದ್ದರು. ನಡುವೆ ಬಿಡುಗಡೆ, ಮತ್ತೆ ಬಂಧನ, ಮತ್ತೆ ಬಿಡುಗಡೆ. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟು ರಾಜನಿಂದನೆಗೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಿತು.