ಸೈಡ್ ಕೊಡುವುದು ಬ್ರೇಕಿನ ಕೆಲಸವಲ್ಲ

ಮೈಸೂರಿನ ಸರಸ್ವತಿಪುರಂ. ಬೆಳಿಗ್ಗೆ ಎಂಟೂಕಾಲು. ಎಲ್ ಬೋರ್ಡ್ ಹಾಕಿದ ನಮ್ಮ ಡ್ರೈವಿಂಗ್ ಸ್ಕೂಲ್ ಕಾರು ಒಂದು ಮೇನ್‌ನಲ್ಲಿ ಹೋಗುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಮೇಡಂ. ಕಲಿಯಲು ಶುರು ಮಾಡಿ ಅವತ್ತಿಗೆ ಒಂಬತ್ತು ದಿನ. ಮುಂದೆ ಒಂದು ಕ್ರಾಸ್ ಅಡ್ಡ ಬಂತು. ಅಲ್ಲಿ ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ, ಹಂಪ್ ಕೂಡ ಇಲ್ಲ. ಮೂಲೆ ಮನೆಯ ಕಾಂಪೌಂಡ್ ಎತ್ತರ. ಅದರ ಮೇಲಿಂದ ಕಾಗದದ ಹೂವಿನ ಗಿಡ ಬೇರೆ ರಸ್ತೆಗೆ ಬಾಗಿತ್ತು. ಬಲಗಡೆಯಿಂದ ಸ್ಕೂಲ್ ಮಕ್ಕಳನ್ನು ತುಂಬಿಕೊಂಡ ಆಟೊ ಬಂತು. ಮೇಡಂ ಹಾರ್ನ್ ಹೊಡೆದರು. ಕಾಲು ಮಾತ್ರ ಆಕ್ಸಿಲರೇಟರ್ ಮೇಲೇ ಇತ್ತು. ನಾನು ನನ್ನ ಕಡೆಯ ಬ್ರೇಕ್ ತುಳಿದೆ. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲಿಗೂ ಒಂದು ಬ್ರೇಕ್, ಒಂದು ಕ್ಲಚ್ ಇರುತ್ತವೆ.

ಆಟೊ ಹೋದ ಮೇಲೆ ಅವರು ಕೇಳಿದರು: "ಸರ್, ನಾನು ಮೇನ್‌ನಲ್ಲಿ ಬರ್ತಿದ್ದೆ. ಅವನು ಕ್ರಾಸಿಂದ ಬಂದ. ಅವನಲ್ವಾ ನಿಲ್ಲಬೇಕಿದ್ದು?"

ಈ ಪ್ರಶ್ನೆಯನ್ನು ನಾನು ಇಪ್ಪತ್ತೆರಡು ವರ್ಷದಿಂದ ಕೇಳುತ್ತಿದ್ದೇನೆ. ಗಾಡಿ ಓಡಿಸಿ ಪಳಗಿದವರೂ ಇದನ್ನೇ ಕೇಳುತ್ತಾರೆ. ಉತ್ತರ ಇಷ್ಟು: ಅಲ್ಲ ಮೇಡಂ, ನಿಲ್ಲಬೇಕಿದ್ದು ನೀವು.

ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ದಿಕ್ಕಿನ ರಸ್ತೆಗಳಿಗೆ ಮೇನ್ ಎಂದು ಹೆಸರು, ಅಡ್ಡ ರಸ್ತೆಗಳಿಗೆ ಕ್ರಾಸ್ ಎಂದು ಹೆಸರು. ಅದು ಮನೆ ವಿಳಾಸ ಹುಡುಕುವುದಕ್ಕೆ ಮಾಡಿಕೊಂಡ ಏರ್ಪಾಡು. ಕಾನೂನು ಹೇಳುವ ಮುಖ್ಯರಸ್ತೆ ಬೇರೆ. ನಿಯಂತ್ರಣ ಇಲ್ಲದ ಜಂಕ್ಷನ್‌ಗೆ ಬರುವಾಗ, ಅಡ್ಡ ಇರುವುದು ಮುಖ್ಯರಸ್ತೆ ಎಂದು ಗುರುತಾಗಿದ್ದರೆ ಅದರಲ್ಲಿ ಹೋಗುವ ಗಾಡಿಗಳಿಗೆ ದಾರಿ ಬಿಡಬೇಕು. ಹಾಗೇನೂ ಗುರುತಿಲ್ಲದಿದ್ದರೆ ನಮ್ಮ ಬಲಗಡೆಯಿಂದ ಬರುವ ಗಾಡಿಗಳಿಗೆ ದಾರಿ ಬಿಡಬೇಕು. 1989ರ ರಸ್ತೆ ನಿಯಮಗಳಲ್ಲೇ ಇದು ಇತ್ತು. ಅವುಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಬಲಗಡೆಯವರಿಗೆ ದಾರಿ ಬಿಡುವ ಮಾತು ಅಲ್ಲೂ ಉಳಿದಿದೆ. ಸರಸ್ವತಿಪುರಂನ ಆ ಮೂಲೆಯಲ್ಲಿ ಎರಡೂ ರಸ್ತೆ ಒಂದೇ ಅಗಲ. ಬೋರ್ಡ್ ಇಲ್ಲ, ನೆಲದ ಮೇಲೆ ಗೆರೆಯೂ ಇಲ್ಲ. ಆಟೊ ಬಂದಿದ್ದು ಬಲದಿಂದ.

ಬಲಗಡೆಯೇ ಯಾಕೆ? ಕಲಿಯಲು ಬಂದವರಿಗೆ ನಾನು ಇದನ್ನು ಡ್ಯಾಶ್‌ಬೋರ್ಡ್ ಮೇಲೆ ಎರಡು ಬೆಂಕಿಪೆಟ್ಟಿಗೆ ಇಟ್ಟು ತೋರಿಸುತ್ತೇನೆ. ನಾವು ಎಡಗಡೆ ಓಡಿಸುವವರು. ಹಾಗಾಗಿ ಅಡ್ಡ ರಸ್ತೆಗೆ ಕಾಲಿಟ್ಟ ತಕ್ಷಣ ನಮಗೆ ಮೊದಲು ಸಿಗುವ ಅರ್ಧ ರಸ್ತೆಯಲ್ಲಿ ಬಲದಿಂದ ಬರುವ ಗಾಡಿಗಳೇ ಇರುತ್ತವೆ. ಎಡದಿಂದ ಬರುವ ಗಾಡಿ ಆಚೆಯ ಅರ್ಧದಲ್ಲಿ ಇರುತ್ತದೆ. ಅದನ್ನು ನೋಡಿ ನಿರ್ಧಾರ ಮಾಡಲು ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಬಲದವನು ಹಾಗಲ್ಲ, ನಮ್ಮ ಬಂಪರ್ ಮುಂದೆಯೇ ಬರುತ್ತಾನೆ. ಬೆಂಕಿಪೆಟ್ಟಿಗೆ ಸರಿಸಿ ಒಮ್ಮೆ ನೋಡಿದವರು ಈ ನಿಯಮವನ್ನು ಮರೆತದ್ದು ಕಡಿಮೆ.

ನಾಲ್ಕು ಕಡೆಯಿಂದಲೂ ಒಟ್ಟಿಗೆ ಬಂದರೆ? ಆಗ ಎಲ್ಲರ ಬಲಕ್ಕೂ ಒಬ್ಬೊಬ್ಬರು ಇರುತ್ತಾರೆ, ಎಲ್ಲರೂ ನಿಲ್ಲಬೇಕು. ಯಾರಾದರೂ ಒಬ್ಬರು ಕೈ ತೋರಿಸಿ "ನೀವು ಹೋಗಿ" ಎನ್ನದೆ ಬೇರೆ ದಾರಿ ಇಲ್ಲ.

ಇಷ್ಟನ್ನು ಎಲ್ಲರೂ ಓದಿರುತ್ತಾರೆ. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಸರಿ ಉತ್ತರ ಒತ್ತಿ ಪಾಸಾಗಿಯೂ ಇರುತ್ತಾರೆ. ಆದರೂ ರಸ್ತೆಯಲ್ಲಿ ಯಾಕೆ ಆಗುವುದಿಲ್ಲ? ಜನ ಇದಕ್ಕೆ ದುರಹಂಕಾರ ಎನ್ನುತ್ತಾರೆ, ಶಿಸ್ತಿಲ್ಲ ಎನ್ನುತ್ತಾರೆ. ನನ್ನ ಅನುಭವ ಬೇರೆ. ಜಾಸ್ತಿ ಜನರಿಗೆ ಸೈಡ್ ಕೊಡುವ ಮನಸ್ಸು ಇರುತ್ತದೆ. ಕೊಡಲು ಆಗುವಂಥ ಸ್ಪೀಡಿನಲ್ಲಿ ಅವರು ಬಂದಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿಲೋಮೀಟರ್ ಅಂದರೆ ಒಂದು ಸೆಕೆಂಡಿಗೆ ಸುಮಾರು 11 ಮೀಟರ್. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಆಗಿರುತ್ತದೆ. ಒಳ್ಳೆ ಟೈರ್, ಒಣ ರಸ್ತೆ ಇದ್ದರೂ ಆಮೇಲೆ ನಿಲ್ಲಲು ಇನ್ನೊಂದು 9 ಮೀಟರ್ ಬೇಕು. ಒಟ್ಟು 20 ಮೀಟರ್. ಕಾಂಪೌಂಡ್ ಗೋಡೆ ಇರುವ ಮೂಲೆಯಲ್ಲಿ ಬಲಗಡೆಯ ಆಟೊ ನಮಗೆ ಕಾಣುವುದೇ ಹತ್ತು ಮೀಟರ್ ಹತ್ತಿರ ಬಂದಾಗ. ಆ ಹೊತ್ತಿಗೆ ನಿಯಮ ಗೊತ್ತಿದ್ದು ಏನೂ ಪ್ರಯೋಜನ ಇಲ್ಲ. ಅದೇ 20ರಲ್ಲಿ ಬಂದರೆ 8 ಮೀಟರ್‌ನಲ್ಲಿ ಗಾಡಿ ನಿಲ್ಲುತ್ತದೆ. ಸ್ಪೀಡ್ ಅರ್ಧ ಆದರೆ ನಿಲ್ಲುವ ದೂರ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಬ್ರೇಕ್ ಹಿಡಿದ ಮೇಲಿನ ದೂರವಂತೂ ಕಾಲು ಭಾಗಕ್ಕೆ ಇಳಿಯುತ್ತದೆ.

ಅದಕ್ಕೇ ನಾನು ಬ್ರೇಕಿಗಿಂತ ಮೊದಲು ಕಾಲು ತೆಗೆಯುವುದನ್ನು ಕಲಿಸುತ್ತೇನೆ. ಜಂಕ್ಷನ್‌ಗೆ ಇನ್ನೂ ಮೂರು ನಾಲ್ಕು ಮನೆ ಇರುವಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬ್ರೇಕ್ ಪೆಡಲ್ ಮೇಲೆ ಸುಮ್ನೆ ಇಡಬೇಕು. ಒತ್ತುವುದು ಬೇಡ. ಸೆಕೆಂಡ್ ಗೇರ್. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ. ಯಾರೂ ಇಲ್ಲವಾ, ಅದೇ ಗೇರ್‌ನಲ್ಲಿ ಎಳೆದುಕೊಂಡು ಹೋಗಿ. ಇದಕ್ಕೆ ಹಿಡಿಯುವುದು ಎರಡೋ ಮೂರೋ ಸೆಕೆಂಡ್. ಹಾರ್ನ್ ಹೊಡೆದು ಅದೇ ಸ್ಪೀಡಿನಲ್ಲಿ ದಾಟುವವರು ತಮ್ಮ ಕೆಲಸವನ್ನು ಅಡ್ಡ ಬರುವವನ ತಲೆಗೆ ಕಟ್ಟುತ್ತಾರೆ. ಅವನೂ ಹಾಗೇ ಮಾಡಿದರೆ?

ಬೋರ್ಡ್ ಇರುವ ಕಡೆ ಗೊಂದಲ ಕಡಿಮೆ. ತಲೆಕೆಳಗಾದ ತ್ರಿಕೋನ, ಕೆಂಪು ಅಂಚು ಇದ್ದರೆ ದಾರಿ ಬಿಡಿ ಎಂದರ್ಥ. ಎಂಟು ಮೂಲೆಯ ಕೆಂಪು ಬೋರ್ಡ್ ಅಂದರೆ ಸ್ಟಾಪ್. ಇವೆರಡಕ್ಕೂ ಬೇರೆ ಯಾವ ಬೋರ್ಡಿಗೂ ಇಲ್ಲದ ಆಕಾರ ಕೊಟ್ಟಿದ್ದಾರೆ. ಧೂಳು ಹಿಡಿದಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗಬೇಕು ಎಂದು. ತ್ರಿಕೋನ ಇದ್ದಲ್ಲಿ ನಿಧಾನ ಮಾಡಿ, ಯಾರೂ ಇಲ್ಲದಿದ್ದರೆ ನಿಲ್ಲದೆ ಹೋಗಬಹುದು. ಸ್ಟಾಪ್ ಇದ್ದಲ್ಲಿ ರಸ್ತೆ ಖಾಲಿ ಇದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಬಲಕ್ಕೆ ತಿರುಗುವವರು ಎದುರಿನಿಂದ ನೇರ ಬರುವವರಿಗೆ ಬಿಡಬೇಕು. ಯೂ ಟರ್ನ್ ಮಾಡುವವರು, ಬಂಕ್‌ನಿಂದ ಅಥವಾ ಮನೆ ಗೇಟಿನಿಂದ ಹೊರಗೆ ಬರುವವರು ಎಲ್ಲರಿಗೂ ಬಿಡಬೇಕು.

ಇನ್ನು ಸರ್ಕಲ್. ನಮ್ಮ ಊರಿನಲ್ಲಿ ಸರ್ಕಲ್‌ಗಳಿಗೆ ಬರವಿಲ್ಲ. ದೊಡ್ಡವುಗಳಲ್ಲಿ ಪೊಲೀಸರೋ ಸಿಗ್ನಲ್ಲೋ ಇರುತ್ತದೆ. ಬಡಾವಣೆಯ ಸಣ್ಣ ಸರ್ಕಲ್‌ಗಳಲ್ಲಿ ನಾವೇ ನಿರ್ಧಾರ ಮಾಡಬೇಕು. ಒಳಗೆ ಸುತ್ತುತ್ತಿರುವವರಿಗೆ ಹೊರಗಿನಿಂದ ಬರುವವರು ಬಿಡಬೇಕು. ಗಮನಿಸಿ, ಇದೂ ಬಲಗಡೆಯ ನಿಯಮವೇ. ನಾವು ಸರ್ಕಲ್ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ಒಳಗಿರುವವರು ನಮ್ಮ ಬಲದಿಂದಲೇ ಬರುತ್ತಾರೆ. ಹೊರಗಿನವರು ಮೂತಿ ತೂರಿಸಿದರೆ ಒಳಗಿನವರು ಆಚೆ ಹೋಗಲಾರರು. ಅವರು ಹೋಗದೆ ಇವರಿಗೆ ಜಾಗ ಇಲ್ಲ. ಇಡೀ ಸರ್ಕಲ್ ಗಂಟು ಬೀಳುತ್ತದೆ. ನಮ್ಮ ಹಾಗೆ ಎಡಗಡೆ ಓಡಿಸುವ ಬ್ರಿಟನ್‌ನಲ್ಲೂ ಇದೇ ಗಂಟು ಬೀಳುತ್ತಿತ್ತು. 1966ರಲ್ಲಿ ಬಲಗಡೆಯವರಿಗೆ ಬಿಡಬೇಕು ಎಂದು ನಿಯಮ ಮಾಡಿದ ಮೇಲೆ ಅಲ್ಲಿ ಸರ್ಕಲ್‌ಗಳು ಸರಾಗವಾದವು.

ಘಾಟಿಯ ನಿಯಮವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಲೈಸೆನ್ಸ್ ಬಂದು ವರ್ಷ ತುಂಬಿರಲಿಲ್ಲ. ಮನೆಯವರನ್ನು ಕೂರಿಸಿಕೊಂಡು ಮೂಡಿಗೆರೆ, ಕೊಟ್ಟಿಗೆಹಾರ ದಾರಿಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆ. ಚಾರ್ಮಾಡಿ ಇಳಿಯುವಾಗ ಒಂದು ಕಿರಿದಾದ ತಿರುವಿನಲ್ಲಿ ಕೆಳಗಿನಿಂದ ಲೋಡ್ ಲಾರಿ ಹತ್ತುತ್ತಿತ್ತು. ಮೇಲೆ ನಿಂತು ಬಿಡಬೇಕಿದ್ದವನು ನಾನು. ಬಿಡಲಿಲ್ಲ, ಇಳಿಸಿದೆ. ಲಾರಿ ಡ್ರೈವರ್ ತಿರುವಿನ ನಡುವೆ ನಿಲ್ಲಿಸಬೇಕಾಯಿತು. ಮತ್ತೆ ಎತ್ತಲು ಹೋದಾಗ ಗಾಡಿ ಹಿಂದಕ್ಕೆ ಜಾರಿತು. ಕ್ಲಚ್ ಸುಟ್ಟ ವಾಸನೆ ನಮ್ಮ ಕಾರಿನೊಳಕ್ಕೂ ಬಂತು. ಕ್ಲೀನರ್ ಹುಡುಗ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಆ ಹುಡುಗನ ಕೈ ಚಕ್ರಕ್ಕೂ ಕಲ್ಲಿಗೂ ನಡುವೆ ಇದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಡ್ರೈವರ್ ನನ್ನನ್ನು ಬೈಯಲೂ ಇಲ್ಲ. "ಹತ್ತೋ ಗಾಡಿಗೆ ಬಿಡಬೇಕಪ್ಪ" ಎಂದ, ಅಷ್ಟೇ.

ಇಳಿಯುವ ಗಾಡಿ ಎಲ್ಲಿ ನಿಂತರೂ ಬ್ರೇಕ್ ಬಿಟ್ಟರೆ ತಾನೇ ಹೊರಡುತ್ತದೆ. ಲೋಡ್ ಹೊತ್ತು ಹತ್ತುವ ಗಾಡಿಗೆ ಒಮ್ಮೆ ಓಟ ನಿಂತರೆ ಮತ್ತೆ ಹೊರಡುವುದು ಕಷ್ಟ. ಅದಕ್ಕೆ ಎರಡೂ ಗಾಡಿ ಹಿಡಿಯದಷ್ಟು ಕಿರಿದಾದ ಏರಿನಲ್ಲಿ ಇಳಿಯುವವರು ಪಕ್ಕಕ್ಕೆ ನಿಲ್ಲಬೇಕು. ಇಲ್ಲೂ ಗೇರ್ ಮಾತೇ ಮುಖ್ಯ. ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಬೇಕು. ನಾಲ್ಕನೇ ಗೇರ್‌ನಲ್ಲಿ ಬ್ರೇಕ್ ತುಳಿಯುತ್ತಾ ಇಳಿಯುವವನು ಬೇಕೆಂದರೂ ನಿಲ್ಲಲಾರ.

ಮಂಡ್ಯದ ನಾಲೆಗಳ ಮೇಲಿನ ಕಿರಿದಾದ ಸೇತುವೆಗಳಲ್ಲಿ ಲೆಕ್ಕ ಇನ್ನೂ ಸರಳ. ಎದುರಿನವನು ಸೇತುವೆಗೆ ಬರುವುದರಲ್ಲಿದ್ದರೆ ಕಾಯಬೇಕು. ಅವನು ದಾಟಿದ ಮೇಲೆ ನಾವು. ಕಬ್ಬಿನ ಲೋಡ್ ಟ್ರ್ಯಾಕ್ಟರ್ ಆದರಂತೂ ಎರಡು ಮಾತಿಲ್ಲ. ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಹೋಗುವುದು ಅವನಿಗೆ ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು.

ಇಂಥ ಕಡೆ ಜನ ಡಿಮ್ ಡಿಪ್ ಮಾಡುತ್ತಾರೆ. ಲೈಟ್ ಮಾತು ನಂಬಬೇಡಿ. ಕೆಲವರು "ನಾನು ಬರ್ತಿದ್ದೀನಿ, ನಿಲ್ಲು" ಎಂದು ಹೊಡೆಯುತ್ತಾರೆ. ಕೆಲವರು "ನೀನು ಬಾ" ಎಂದು ಹೊಡೆಯುತ್ತಾರೆ. ಲೈಟ್ ಒಂದೇ, ಅರ್ಥ ಎರಡು. ಎದುರಿನ ಗಾಡಿ ನಿಜವಾಗಿ ನಿಂತಿದೆಯಾ ಎಂದು ಅದರ ಚಕ್ರ ನೋಡಿ.

ಆಂಬುಲೆನ್ಸ್‌ಗೆ ಬಿಡಬೇಕು ಎಂದು ಹೇಳಿಕೊಡಬೇಕಾಗಿಲ್ಲ. ಕೇಂದ್ರದ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿ ಪ್ರಕಾರ ಬಿಡದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಹೇಗೆ ಬಿಡಬೇಕು ಎನ್ನುವುದೇ ಹಲವರಿಗೆ ತಿಳಿಯುವುದಿಲ್ಲ. ಸೈರನ್ ಕೇಳಿ ಗಾಬರಿಯಾಗಿ ಇದ್ದಲ್ಲೇ ಬ್ರೇಕ್ ಹಾಕುತ್ತಾರೆ. ಆಂಬುಲೆನ್ಸ್ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಎಡ ಇಂಡಿಕೇಟರ್ ಹಾಕಿ, ಚಲಿಸುತ್ತಲೇ ಎಡಕ್ಕೆ ಸರಿದು, ಆಮೇಲೆ ನಿಲ್ಲಿ.

ಆಕ್ಸಿಡೆಂಟ್ ಆದ ಮೇಲೆ "ಸರ್, ನಾನು ಬಲಗಡೆಯಿಂದ ಬಂದೆ, ತಪ್ಪು ಪೂರ್ತಿ ಅವನದೇ ಅಲ್ವಾ?" ಎಂದು ಫೋನ್ ಮಾಡುವವರಿದ್ದಾರೆ. ಹಾಗೆ ಆಗಲೇಬೇಕು ಎಂದಿಲ್ಲ. ಪರಿಹಾರದ ಕೇಸ್ ನಡೆಸುವ ನ್ಯಾಯಮಂಡಳಿ ಇಬ್ಬರ ನಿರ್ಲಕ್ಷ್ಯವನ್ನೂ ಅಳೆದು ಪಾಲು ಹಾಕಬಹುದು. ಮೊದಲು ಹೋಗುವ ಸರದಿ ನಿಮ್ಮದಾದರೂ ಸ್ಪೀಡ್ ನಿಮ್ಮದೇ ತಾನೇ?

ಇಷ್ಟೆಲ್ಲಾ ಗಾಡಿಗಳ ಮಾತಾಯಿತು. ನನಗೆ ಜಾಸ್ತಿ ಬೇಜಾರಾಗುವುದು ನಡೆದು ಹೋಗುವವರ ವಿಷಯದಲ್ಲಿ. ಜೀಬ್ರಾ ಪಟ್ಟಿ ಹತ್ತಿರ ಜನ ದಾಟಲು ಕಾಯುತ್ತಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಎಲ್‌ಎಲ್‌ಆರ್‌ನಲ್ಲೇ ಇದೆ. ಉತ್ತರ, ನಿಲ್ಲಿಸಿ ಅವರು ದಾಟಿದ ಮೇಲೆ ಹೋಗಬೇಕು. ಕಣ್ಣು ಕಾಣದವರು ಬಿಳಿ ಕೋಲು ಹಿಡಿದು ದಾಟುತ್ತಿದ್ದರೆ ಆ ಕೋಲೇ ಸ್ಟಾಪ್ ಬೋರ್ಡ್ ಎಂದುಕೊಳ್ಳಬೇಕು. ಫ್ರೀ ಲೆಫ್ಟ್ ಇದ್ದರೂ ಪಟ್ಟಿ ಮೇಲೆ ಜನ ಇದ್ದರೆ ಅವರೇ ಮೊದಲು.

ಆದರೆ ನಿಲ್ಲಿಸುವುದರಲ್ಲೂ ಒಂದು ಅಪಾಯ ಇದೆ. ನೀವು ನಿಂತಿರಿ. ನಿಮ್ಮ ಕಾರು ಅಡ್ಡ ಇರುವುದರಿಂದ ಹಿಂದಿನ ಬೈಕಿನವನಿಗೆ ದಾಟುವವರು ಕಾಣುವುದಿಲ್ಲ. ಇವನ್ಯಾಕೆ ನಿಂತ ಎಂದುಕೊಂಡು ಪಕ್ಕದಿಂದ ನುಗ್ಗುತ್ತಾನೆ. ನಿಮ್ಮನ್ನು ನಂಬಿ ಹೆಜ್ಜೆ ಇಟ್ಟವರಿಗೆ ಅವನು ಬಂದು ಹೊಡೆಯುತ್ತಾನೆ. ಹಾಗಾಗಿ ಪಟ್ಟಿಗೆ ಒಂದು ಕಾರಿನಷ್ಟು ಹಿಂದೆಯೇ ನಿಲ್ಲಿ. ಆಗ ಹಿಂದಿನವರಿಗೂ ಪಟ್ಟಿ ಕಾಣುತ್ತದೆ. ಎರಡೂ ಕನ್ನಡಿ ನೋಡಿ. ಕಿಟಕಿಯಿಂದ ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿ. ನಿಧಾನ ಮಾಡುತ್ತಿದ್ದೇನೆ ಎಂಬ ಹಳೆಯ ಕೈಸನ್ನೆ ಅದು. ಈಗಿನ ಹುಡುಗರಿಗೂ ಅರ್ಥವಾಗುತ್ತದೆ.

ಇಪ್ಪತ್ತಮೂರನೇ ದಿನ ಅದೇ ಬ್ಯಾಂಕ್ ಮೇಡಂ ಒಂದು ಆಸ್ಪತ್ರೆಯ ಮುಂದಿನ ಪಟ್ಟಿ ಹತ್ತಿರ ಬಂದರು. ಒಬ್ಬ ಅಜ್ಜಿ ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದು ನಿಂತಿದ್ದರು. ಮೇಡಂ ದೂರದಲ್ಲೇ ಕಾಲು ತೆಗೆದರು, ನಿಲ್ಲಿಸಿದರು, ಕೈ ಹೊರಗೆ ಹಾಕಿದರು. ಬಲಗಡೆಯಿಂದ ಬಂದ ಸ್ಕೂಟರ್ ಕೈ ನೋಡಿ ನಿಂತಿತು. ಅದರ ಹಿಂದೆ ಒಂದು ಆಟೊ ನಿಂತಿತು. ಅಜ್ಜಿ ಮಾತ್ರ ಕದಲಲಿಲ್ಲ, ನಮ್ಮನ್ನೇ ನೋಡುತ್ತಿದ್ದರು. ಗಾಡಿಗಳು ತಮಗಾಗಿ ನಿಂತಿವೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಬನ್ನಿ ಅಜ್ಜಿ, ನಿಧಾನಕ್ಕೆ ಬನ್ನಿ" ಎಂದು ಮೇಡಂ ಕಿಟಕಿಯಿಂದಲೇ ಕರೆದರು. ಅವರು ಆಚೆ ಫುಟ್‌ಪಾತ್ ಹತ್ತುವವರೆಗೂ ಕೈ ಒಳಗೆ ತೆಗೆದುಕೊಳ್ಳಲಿಲ್ಲ.